ಟ್ಯಾಂಕಿನಲ್ಲಿ ಕುಚ್ಚಲಕ್ಕಿಯ ಅಗಳು

ಮಕ್ಕಳೇ, ನಿಮ್ಮ ಫಿಶ್ ಅಂಕಲ್ ಊರಿನಲ್ಲಿ ತೀರಿಕೊಂಡರು ಎಂದು ಶುಕ್ರವಾರ ಮಧ್ಯಾಹ್ನ ನಿಮ್ಮ ಅಪ್ಪನ ಫೋನಿಗೆ ಸುದ್ದಿ ಬಂತು. ಅವನು ಊಟಕ್ಕೆ ಕೂತಿದ್ದ. ಓದಿ ಹೇಳಿದ. ನಾನು ಅವನ ತಟ್ಟೆಗೆ ಸಾರು ಬಡಿಸುತ್ತಿದ್ದೆ, ಬಡಿಸಿ ಮುಗಿಸಿದೆ. ಆಮೇಲೆ ಪಾತ್ರೆ ತೊಳೆದೆ. ದೊಡ್ಡವಳು ಅಡುಗೆಮನೆಗೆ ಬಂದು, "ಅಜ್ಜಿ, ಆರ್ ಯು ಸ್ಯಾಡ್?" ಎಂದು ಕೇಳಿದಳು. ಇಲ್ಲ ಎಂದೆ. ಸುಳ್ಳು ಹೇಳಿದ್ದಲ್ಲ. ನನಗೆ ಇಂಥದ್ದೆಲ್ಲ ಗೊತ್ತಾಗುವುದು ನಿಧಾನ. ನಿಮ್ಮ ಅಜ್ಜ ಹೋದಾಗಲೂ ಹಾಗೆಯೇ ಆಗಿತ್ತು.

ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಕಾಗದ ಬರೆದು ಅಭ್ಯಾಸವಿದೆ, ಇಂಥದ್ದು ಬರೆದವಳಲ್ಲ. ನಿಮಗೆ ಕನ್ನಡ ಓದುವುದು ಕಷ್ಟ. ಅಪ್ಪನೋ ಅಮ್ಮನೋ ಓದಿ ಹೇಳಲಿ. ಇದರಲ್ಲಿ ನಿಮ್ಮ ಅಪ್ಪನಿಗೂ ಗೊತ್ತಿಲ್ಲದ ಒಂದು ಸಂಗತಿ ಇದೆ. ಓದುವಾಗ ಅವನಿಗೂ ಗೊತ್ತಾಗಲಿ.

ಅವರ ಹೆಸರು ಬರೆಯುವುದಿಲ್ಲ. ಅವರು ಇದ್ದಾಗಲೂ ನಾನು ಹೆಸರು ಹಿಡಿದು ಮಾತನಾಡಿಸಲಿಲ್ಲ. ಅವರು ನಮ್ಮ ಕರಾವಳಿ ಕಡೆಯ ಬ್ಯಾರಿ ಮುಸ್ಲಿಮರು. ಇಲ್ಲಿ ಒಮಾನಿನ ಅಮೇರಾತ್‌ನಲ್ಲಿ, ಒಬ್ಬ ಟೈಲರ್ ಮತ್ತು ಒಂದು ಟಯರ್ ಅಂಗಡಿಯ ನಡುವೆ, ಅವರದು ಮೀನು ಮತ್ತು ಟ್ಯಾಂಕ್ ಮಾರುವ ಸಣ್ಣ ಅಂಗಡಿ. ಮನೆಗಳಿಗೆ ಹೋಗಿ ಟ್ಯಾಂಕ್ ತೊಳೆದುಕೊಡುವುದೂ ಅವರದೇ ಕೆಲಸ. ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ತುಳುವಿನಲ್ಲಿ. ಅದನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವರ ಎಡಗಡೆಯ ಹೆಗಲು ಬಲಗಡೆಗಿಂತ ತಗ್ಗಿತ್ತು. ಸಮುದ್ರದ ನೀರಿನ ನೀಲಿ ಕ್ಯಾನುಗಳನ್ನು ವರ್ಷಗಟ್ಟಲೆ ಅದೇ ಕೈಯಲ್ಲಿ ಹೊತ್ತದ್ದರಿಂದ ಹಾಗಾದದ್ದು. ಪ್ಯಾಂಟಿನ ಮೊಣಕಾಲು ಯಾವಾಗಲೂ ಒದ್ದೆ. ಬಂದವರು ಕೂಡಲೇ ಕೆಲಸ ಶುರು ಮಾಡುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಟ್ಯಾಂಕಿನ ಎದುರು ನಿಲ್ಲುತ್ತಿದ್ದರು. ಚಹಾ ತಣ್ಣಗಾಗುವಷ್ಟು ಹೊತ್ತು ನಿಲ್ಲುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ಇವರು ನಮಾಜ್ ಮಾಡುತ್ತಿದ್ದಾರೋ ಎಂದುಕೊಂಡಿದ್ದೆ. "ಮೊದಲು ಕಣ್ಣು, ಆಮೇಲೆ ಕೈ," ಎಂದು ನಿಮ್ಮ ಅಜ್ಜನಿಗೆ ಹೇಳಿದ್ದು ಕೇಳಿಸಿತು.

ಗಾಜಿನ ಪಾಚಿ ಕೆರೆಯಲು ಅವರ ಹತ್ತಿರ ಒಂದು ಹಳೆಯ ಲೇಬರ್ ಕಾರ್ಡ್ ಇತ್ತು. ಒಮಾನಿಗೆ ಬಂದ ಹೊಸತರಲ್ಲಿ ಮಾಡಿಸಿದ್ದು, ಅವಧಿ ಎಂದೋ ಮುಗಿದದ್ದು. ಅದರಲ್ಲಿ ಅವರ ಪ್ರಾಯದ ಫೋಟೋ. ಕೆರೆದು ಕೆರೆದು ಅದರ ಮುಖ ಅರ್ಧ ಅಳಿಸಿಹೋಗಿತ್ತು. "ಇವನಿಗೆ ಇನ್ನೂ ಇಪ್ಪತ್ತಾರು ವರ್ಷ. ಈ ಕೆಲಸಕ್ಕೆಲ್ಲ ಇವನನ್ನೇ ಕಳಿಸುವುದು," ಎಂದು ಹೇಳುತ್ತಿದ್ದರು.

ಟ್ಯಾಂಕ್ ಶುರು ಮಾಡಿದ್ದು ನಿಮ್ಮ ಅಜ್ಜ. ಅವರು ಸ್ಟೋರ್‌ಕೀಪರ್ ಆಗಿದ್ದವರು, ಕೊನೆಯ ವರ್ಷಗಳಲ್ಲಿ ಇಲ್ಲಿಂದ ದೂರದ ದುಕ್ಮ್‌ನಲ್ಲಿ. ಹದಿನೈದು ದಿನಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಿದ್ದರು. ರಿಟೈರ್ ಆಗಿ ಈ ಮನೆಯಲ್ಲೇ ನಿಂತ ಮೇಲೆ ಅವರಿಗೆ ಕೈಗೆ ಕೆಲಸ ಬೇಕಿತ್ತು. ಹಾಲಿನ ಗೋಡೆಗೆ ಟ್ಯಾಂಕ್ ಬಂತು. ಉಪ್ಪುನೀರಿನದೇ ಆಗಬೇಕು ಎಂದು ಹಟ ಹಿಡಿದರು. ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿದರು. ಅದನ್ನು ನೋಡಿ ಫಿಶ್ ಅಂಕಲ್, "ಎಂತ ಮಾರಾಯ್ರೆ, ಸ್ಟೋರಿನಲ್ಲೂ ಸಾಮಾನು ಹೀಗೇ ತುಂಬಿಸಿ ಇಡ್ತಿದ್ರಾ? ಮೀನಿಗೆ ತಿರುಗಲಿಕ್ಕೆ ಜಾಗ ಬೇಡ್ವಾ?" ಎಂದರು. ಅಜ್ಜನಿಗೆ ಸಿಟ್ಟು ಬಂತು, ಆದರೆ ಮರುದಿನ ಅರ್ಧ ಕಲ್ಲು ತೆಗೆದರು.

ಒಮ್ಮೆ ಅಜ್ಜ ಅವರ ಅಂಗಡಿಯಲ್ಲಿ ನೀಲಿ ಬಣ್ಣದ ಒಂದು ಮೀನನ್ನು ತೋರಿಸಿ, ಇದು ನಮ್ಮ ಟ್ಯಾಂಕಿನಲ್ಲಿ ಬದುಕೀತೇ ಎಂದು ಕೇಳಿದರಂತೆ. ಫಿಶ್ ಅಂಕಲ್ ಇಲ್ಲ ಎಂದರಂತೆ.

"ಮತ್ತೆ ಮಾರ್ಲಿಕ್ಕೆ ಇಟ್ಟದ್ದು ನೀವೇ ಅಲ್ವಾ?"

"ಮಾರ್ಲಿಕ್ಕೆ ಉಂಟು. ಬದುಕ್ಲಿಕ್ಕೆ ಇಲ್ಲ."

ಮನೆಗೆ ಬಂದು ಅಜ್ಜ ಇದನ್ನು ಹೇಳಿ ನಕ್ಕರು. ಇಂಥವನು ವ್ಯಾಪಾರ ಮಾಡಿ ಉದ್ಧಾರ ಆದ ಹಾಗೆಯೇ ಎಂದರು. ಆದರೆ ಅಂದಿನಿಂದ ಬೇರೆ ಅಂಗಡಿಗೆ ಹೋಗಲಿಲ್ಲ. ಟ್ಯಾಂಕಿನಲ್ಲಿ ಎರಡು ಮೀನು ಉಳಿದವು, ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಇರುವಂಥವು. ಒಂದು ಆಮೇಲೆ ಸತ್ತಿತು. ಇನ್ನೊಂದು ನಿಮಗೆ ಗೊತ್ತಿರುವುದೇ.

ಅಜ್ಜ ಹೋದದ್ದು ಬೆಳಗ್ಗೆ, ಟ್ಯಾಂಕಿನ ಲೈಟ್ ಹಾಕಲು ಎದ್ದವರು. ಊರಿಗೆ ಕೊಂಡುಹೋದೆವು. ಅಲ್ಲಿ ಎಲ್ಲ ಆಯಿತು, ಹದಿಮೂರನೆಯ ದಿನವೂ ಆಯಿತು. ಎಲ್ಲರೂ ಅತ್ತರು. ನಾನು ಬಂದವರಿಗೆ ಚಾಪೆ ಹಾಸಿದೆ, ಹೋದ ಮೇಲೆ ಸುತ್ತಿ ಇಟ್ಟೆ. ನಿಮ್ಮ ಅಪ್ಪ ನನ್ನನ್ನು ಮತ್ತೆ ಇಲ್ಲಿಗೆ ಕರೆದುಕೊಂಡು ಬಂದ.

ನಮ್ಮ ತಂದೆ ತೀರಿಕೊಂಡಾಗ ನನ್ನ ತಾಯಿ ಒಂದು ವರ್ಷ ತಪ್ಪದೆ ಒಂದು ಕೆಲಸ ಮಾಡಿದ್ದರು. ಮಧ್ಯಾಹ್ನದ ಊಟದ ಮೊದಲ ತುತ್ತನ್ನು ಬಾವಿಕಟ್ಟೆಯ ಮೇಲೆ ಕಾಗೆಗೆ ಇಟ್ಟು, ಅದು ಮುಟ್ಟಿದ ಮೇಲೆ ತಾವು ಉಣ್ಣುವುದು. ನಾನೂ ಹಾಗೆ ಮಾಡಬೇಕು ಎಂದು ನನಗೆ ಯಾರೂ ಹೇಳಲಿಲ್ಲ. ಮಾಡದೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೇ. ಆದರೆ ಇಲ್ಲಿ ಮೂರನೆಯ ಮಹಡಿ. ಕಿಟಕಿಗೆ ಬಲೆ. ಕಾಗೆಗಳು ಸಮುದ್ರದ ಕಡೆ ಇವೆ, ಈ ಬೋಳು ಗುಡ್ಡಗಳ ನಡುವೆ ನಮ್ಮ ಬಿಲ್ಡಿಂಗಿಗೆ ಬರುವುದು ಪಾರಿವಾಳ ಮಾತ್ರ. ಬಾಲ್ಕನಿಯಲ್ಲಿ ಎರಡು ದಿನ ಇಟ್ಟೆ. ಕೆಳಗಿನ ಮನೆಯವರು ಪಾರಿವಾಳದ ಹೇಸಿಗೆ ಎಂದು ವಾಚ್‌ಮನ್‌ಗೆ ದೂರು ಕೊಟ್ಟರು.

ಮೂರನೆಯ ದಿನ ತುತ್ತು ಕೈಯಲ್ಲಿ ಹಿಡಿದುಕೊಂಡು ಹಾಲಿನಲ್ಲಿ ನಿಂತಿದ್ದೆ. ನೀವು ಶಾಲೆಗೆ, ಅಪ್ಪ ಅಮ್ಮ ಆಫೀಸಿಗೆ ಹೋಗಿದ್ದಿರಿ. ಟ್ಯಾಂಕಿನ ಮೀನು ಗಾಜಿನ ಹತ್ತಿರ ಬಂದು ನನ್ನನ್ನು ನೋಡಿತು. ಅದನ್ನು ಸಾಕಿದ್ದು ನಿಮ್ಮ ಅಜ್ಜನೇ ಅಲ್ಲವೇ. ಮುಚ್ಚಳ ಎತ್ತಿ ತುತ್ತನ್ನು ಬಿಟ್ಟೆ. ಗೋಲಿಯಷ್ಟು ದೊಡ್ಡದು, ಕುಚ್ಚಲಕ್ಕಿ ಅನ್ನ, ಮೀನುಸಾರು ಕಲಸಿದ್ದು. ಮೀನು ಬಂದು ಬಾಯಿಗೆ ತೆಗೆದುಕೊಂಡಿತು, ಉಗುಳಿತು. ಮುಟ್ಟಿತಲ್ಲ, ನನಗೆ ಅಷ್ಟು ಸಾಕಾಗಿತ್ತು. ಹೋಗಿ ಊಟ ಮಾಡಿದೆ. ಅಂದಿನಿಂದ ದಿನವೂ ಹಾಗೆಯೇ.

ಮೊದಲು ಗಾಜಿಗೆ ಕಂದು ಬಣ್ಣದ ಧೂಳು ಬಂತು. ಆಮೇಲೆ ಕಲ್ಲುಗಳ ಮೇಲೆ ಹಸಿರು ಕೂದಲಿನ ಹಾಗೆ ಪಾಚಿ ಬೆಳೆದು ನೀರಿನಲ್ಲಿ ಅಲ್ಲಾಡತೊಡಗಿತು. ಕೊನೆಗೆ ಮರಳಿನ ಮೇಲೆ ಕೆಂಪು ಲೋಳೆ, ಚಾಪೆ ಹಾಸಿದ ಹಾಗೆ, ಮೇಲೆಲ್ಲ ನೀರಗುಳ್ಳೆ. ಹಾಲಿಗೆ ಬಂದವರಿಗೆ ವಾಸನೆ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ. ಮೀನು ಒಂದು ಮೂಲೆಯಲ್ಲಿ ಉಸಿರು ಕಟ್ಟಿದವರ ಹಾಗೆ ನಿಂತಿರುತ್ತಿತ್ತು. ನಿಮ್ಮ ಅಪ್ಪ ಪಾಚಿ ಕೊಲ್ಲುವ ಮದ್ದಿನ ಬಾಟಲಿ ತರಿಸಿದ. ಫಿಶ್ ಅಂಕಲ್ ಅದನ್ನು ಕಿಸೆಗೆ ಹಾಕಿಕೊಂಡರು. ಮದ್ದಿಗೆ ಪಾಚಿ ಸಾಯುತ್ತದೆ, ಸತ್ತದ್ದು ಅಲ್ಲೇ ಕೊಳೆಯುತ್ತದೆ, ಕೊಳೆತದ್ದನ್ನು ತಿಂದು ಇನ್ನೊಂದು ಪಾಚಿ ಹುಟ್ಟುತ್ತದೆ ಎಂದರು. ಪಾಚಿ ತೆಗೆದರು, ನೀರು ಬದಲಿಸಿದರು. ಹತ್ತು ದಿನದಲ್ಲಿ ಎಲ್ಲ ಮೊದಲಿನ ಹಾಗೆ.

ಒಂದು ದಿನ ಅಪ್ಪ ಬೇಸತ್ತು, ಈ ಟ್ಯಾಂಕ್ ಇನ್ನು ಬೇಡ, ಮೀನನ್ನು ನಿಮ್ಮ ಅಂಗಡಿಗೆ ಕೊಂಡುಹೋಗಿ, ಉಳಿದದ್ದನ್ನು ಯಾರಿಗಾದರೂ ಕೊಡಿ ಎಂದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈಯಲ್ಲಿ ಸೌಟು ಇತ್ತು. ಇನ್ನು ನಿಮ್ಮ ಅಜ್ಜನಿಗೆ ಎಲ್ಲಿ ಬಡಿಸುವುದು ಎಂದು ಮಾತ್ರ ಯೋಚನೆ ಬಂತು. ಬಾಯಿ ಬಿಟ್ಟು ಹೇಳಲು ನಾಚಿಕೆ.

ಫಿಶ್ ಅಂಕಲ್ ಟ್ಯಾಂಕಿನ ಹಿಂದಿನ ಪೆಟ್ಟಿಗೆ ಬಿಚ್ಚಿ ನೀರು ಸೋಸುವ ಸ್ಪಂಜನ್ನು ಹೊರಗೆ ತೆಗೆದರು. ಹಿಂಡಿದರು. ಬಕೆಟ್ಟಿಗೆ ಕಂದು ನೀರು ಬಿತ್ತು. ಆಮೇಲೆ ಬೆರಳಿನಿಂದ ಏನನ್ನೋ ಹೆಕ್ಕಿ, ಬೆಳಕಿಗೆ ಹಿಡಿದು ನೋಡಿದರು. ನನಗೆ ಅಷ್ಟು ದೂರದಿಂದಲೂ ಕಂಡಿತು. ಉಬ್ಬಿದ ಅಗಳು, ಮೈಮೇಲೆ ಕೆಂಪು ಗೆರೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮುಷ್ಟಿ ಮುಚ್ಚಿದರು.

ನಿಮ್ಮ ಅಪ್ಪ, "ಎಂತ ಕಾಕಾ, ಎಂತ ಸಿಕ್ಕಿತು?" ಎಂದು ಕೇಳಿದ.

"ಕಾರಣ ಸಿಕ್ಕಿತು ಸಾರ್. ಊಟ ಜಾಸ್ತಿ ಆಗಿದೆ."

"ನಾನು ಎರಡು ದಿನಕ್ಕೆ ಒಂದು ಚಿಟಿಕೆ ಹಾಕುವುದು."

"ನೀವು ಹಾಕುವುದು ಸರಿ ಉಂಟು." ಮುಷ್ಟಿ ಹಾಗೆಯೇ ಇತ್ತು. "ಈ ತಿಂಗಳು ಮುಗಿಯುವವರೆಗೆ ಬಿಡಿ. ಆಗಲೂ ಹೀಗೇ ಇದ್ರೆ ನಾನೇ ಬಂದು ತಕೊಂಡು ಹೋಗ್ತೇನೆ."

ಅವರು ಸುಳ್ಳು ಹೇಳುವವರಲ್ಲ, ಆ ನೀಲಿ ಮೀನಿನ ಸಂಗತಿ ಆಗಲೇ ಬರೆದಿದ್ದೇನಲ್ಲ. ಆ ದಿನವೂ ಹೇಳಲಿಲ್ಲ. ಕೈ ಬಿಡಿಸಲಿಲ್ಲ, ಅಷ್ಟೇ.

ಅಪ್ಪನಿಗೆ ಆಫೀಸಿನ ಫೋನು ಬಂದು ಬಾಲ್ಕನಿಗೆ ಹೋದ. ಅವರು ಅಡುಗೆಮನೆಯ ಬಾಗಿಲವರೆಗೆ ಬಂದರು, ಒಳಗೆ ಕಾಲಿಡಲಿಲ್ಲ. ಕಟ್ಟೆಯ ಅಂಚಿನಲ್ಲಿ ಅಗಳನ್ನು ಇಟ್ಟರು.

"ಅಕ್ಕ, ನಮ್ಮ ಮನೆಯಲ್ಲೂ ಉಣ್ಣುವುದು ಇದೇ ಅಕ್ಕಿ. ಅಣ್ಣನಿಗಾ?"

ನಾನು ತಲೆ ಆಡಿಸಿದೆ.

ಅವರ ಊರಿನಲ್ಲಿ ನೆರೆಮನೆಯ ಒಬ್ಬ ಅಕ್ಕ ಹಾಗೆ ಇಡುತ್ತಿದ್ದರಂತೆ. ಕಾಗೆ ಬಾರದಿದ್ದರೆ ಆಡುವ ಮಕ್ಕಳೆಲ್ಲ ಆಟ ನಿಲ್ಲಿಸಿ ದೂರ ಹೋಗಬೇಕಿತ್ತಂತೆ. ಹೀಗೆಂದು ಹೇಳಿ, ಮೀನು ತಿನ್ನುತ್ತದೆಯೇ ಎಂದು ಕೇಳಿದರು. ಮುಟ್ಟುತ್ತದೆ ಎಂದೆ.

"ಮುಟ್ಟಿ ಉಗುಳ್ತದೆ. ಉಗುಳಿದ್ದು ಕಲ್ಲಿನ ಸಂದಿಯಲ್ಲಿ ಕೊಳೀತದೆ. ಅಕ್ಕ, ನೀವು ಇಷ್ಟು ದಿನ ಅಣ್ಣನಿಗೆ ಅಂತ ಕೊಟ್ಟದ್ದೆಲ್ಲ ಪಾಚಿಗೆ ಹೋಗಿದೆ. ಇನ್ನೂ ಕೊಟ್ರೆ ಆ ಮೀನೂ ಹೋಗ್ತದೆ."

ಬೇರೆ ಯಾರಾದರೂ ಆಗಿದ್ದರೆ ಅದನ್ನು ಹೇಳುತ್ತಿರಲಿಲ್ಲ. ನನಗೆ ಆಗ ಏನೂ ಅನ್ನಿಸಲಿಲ್ಲ. ಅಗಳನ್ನು ನೋಡುತ್ತಿದ್ದೆ. ಅವರು ಹೋದ ಮೇಲೆ ಅದನ್ನು ತುಳಸಿಯ ಕುಂಡದಲ್ಲಿ ಹಾಕಿದೆ.

ಮರುದಿನ ಬಂದು ಟ್ಯಾಂಕಿನ ಲೈಟ್ ಆರಿಸಿ, ಸುತ್ತ ದಪ್ಪ ಬಟ್ಟೆ ಹೊದೆಸಿದರು. ಕೆಂಪು ಲೋಳೆಗೆ ಬೆಳಕು ಬೇಕಂತೆ. ಮೂರು ದಿನ ಕತ್ತಲು, ಮೂರು ದಿನ ಒಂದು ಚಿಟಿಕೆಯೂ ಹಾಕಬಾರದು. ಮೀನಿಗೆ ಏನೂ ಆಗುವುದಿಲ್ಲ, ನಿಮಗೆ ಆಗುತ್ತದೆಯೋ ಗೊತ್ತಿಲ್ಲ ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ನಾನು ಅಜ್ಜನ ಎರಡು ಬೆಡ್‌ಶೀಟ್ ಕೊಟ್ಟಿದ್ದೆ. ಹಾಲಿನಲ್ಲಿ ಅದು ಹಾಗೆ ಮುಚ್ಚಿಕೊಂಡು ನಿಂತಿತ್ತು. ನೀವು ಅದಕ್ಕೆ ಗೋಸ್ಟ್ ಎಂದು ಹೆಸರಿಟ್ಟಿದ್ದಿರಿ.

ಮೊದಲ ದಿನ ನಾನು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ಎರಡನೆಯ ದಿನವೂ ಅನ್ನ ಬಡಿಸಿಕೊಂಡು ಸುಮ್ಮನೆ ಕೂತಿದ್ದೆ. ಒಂದು ಗಂಟೆಗೆ ಕಾಲಿಂಗ್ ಬೆಲ್ ಆಯಿತು. ಅವರು. ಪಂಪ್ ನೋಡಬೇಕು ಎಂದರು. ನೋಡಿದರು. ಆಮೇಲೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ತಾನು ಈಗ ಸಮುದ್ರದ ನೀರು ತರಲು ಸೀಬ್ ಕಡಲತೀರಕ್ಕೆ ಹೋಗುವುದು, ಅಲ್ಲಿ ದೋಣಿ ಎಳೆದು ಹಾಕುವ ಜಾಗದಲ್ಲಿ ಬೇಕಾದಷ್ಟು ಕಾಗೆ ಇವೆ, ಒಂದು ಡಬ್ಬಿಯಲ್ಲಿ ಹಾಕಿ ಕೊಡಿ ಎಂದರು.

"ನಿಮಗೆ ಆಗ್ತದಾ, ಇಂಥದ್ದೆಲ್ಲ?" ಎಂದು ಕೇಳಿದೆ. ಅವರೊಡನೆ ನಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

"ಇಡುವುದು ನೀವಲ್ವಾ ಅಕ್ಕ. ನಾನು ಡ್ರೈವರ್."

ಸ್ಟೀಲಿನ ಸಣ್ಣ ಡಬ್ಬಿಯಲ್ಲಿ ತುತ್ತು ಹಾಕಿ ಕೊಟ್ಟೆ. ಅವರು ಅದನ್ನು ಬಲಗೈಯಲ್ಲಿ ಹಿಡಿದುಕೊಂಡು ಲಿಫ್ಟಿನ ಕಡೆ ಹೋದರು. ಅವರು ನೀರಿಗೆ ಹೋಗುವುದು ಸೋಮವಾರ ಮತ್ತು ಗುರುವಾರ. ವಾರಕ್ಕೆ ಎರಡು ಸಲ ಸಾಕಾಗುತ್ತದೆಯೇ ಎಂದು ಕೇಳಿದ್ದರು. ನಾನು ಯಾರನ್ನು ಕೇಳಲಿ? ಸಾಕು ಎಂದೆ.

ಮೂರು ದಿನದ ಮೇಲೆ ಬಟ್ಟೆ ತೆಗೆದಾಗ ಕೆಂಪು ಲೋಳೆ ಹರಿದ ಚಿಂದಿಯ ಹಾಗೆ ಆಗಿತ್ತು. ಕೊಳವೆಯಿಂದ ಎಳೆದು ತೆಗೆದರು. ಹಸಿರು ಕೂದಲನ್ನು ಕೈಯಿಂದಲೇ ಕೀಳಬೇಕಿತ್ತು. ಕಲ್ಲುಗಳನ್ನು ಒಂದೊಂದಾಗಿ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಇಟ್ಟು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜುವುದನ್ನು ನನಗೆ ಕಲಿಸಿದರು. ನಾನು ಮೀನು ತೊಳೆದು ಬೆಳೆದವಳು, ನನ್ನ ಕೈ ಬೇಗ ಕಲಿಯಿತು. ಪಾಚಿ ಮೇಯುವ ಬಸವನಹುಳು ತಂದು ಬಿಟ್ಟರು. ನೀರು ಆರಿ ಕಡಿಮೆಯಾದಾಗ ನಾನು ಉಪ್ಪು ಹಾಕಿದ ನೀರು ತುಂಬಿಸಲು ಹೊರಟಿದ್ದೆ, ಸಮುದ್ರದ ನೀರಲ್ಲವೇ ಎಂದು. ಅವರು ಬೇಡ ಎಂದರು. ಆರಿ ಹೋಗುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಫಿಲ್ಟರಿನ ಸಿಹಿನೀರನ್ನೇ ದಿನವೂ ಗೆರೆಯವರೆಗೆ ಹಾಕಿ ಎಂದರು. ಗೆರೆ ಎಂದರೆ ಅಜ್ಜ ಗಾಜಿಗೆ ಅಂಟಿಸಿದ್ದ ಕಪ್ಪು ಟೇಪು.

ತಿಂಗಳ ಕೊನೆಗೆ ನಿಮ್ಮ ಅಪ್ಪ ಟ್ಯಾಂಕಿನ ಎದುರು ಬಂದು ನಿಂತ. ಅವನ ಮುಖ ಗಾಜಿನಲ್ಲಿ ಕಾಣುತ್ತಿತ್ತು. ಇರಲಿ ಎಂದ. ಪಾಚಿ ಹೋಯಿತು ಎಂದು ಅವನು ಹೇಳಿದ್ದಕ್ಕೆ ಫಿಶ್ ಅಂಕಲ್ ಒಪ್ಪಲಿಲ್ಲ. "ಹೋಗುವುದಿಲ್ಲ ಸಾರ್. ನೀರು ಇದ್ದಲ್ಲಿ ಅದು ಇರ್ತದೆ. ಸಣ್ಣದಾಗಿ ಇಟ್ಟುಕೊಳ್ಳುವುದು, ಅಷ್ಟೇ."

ಡಬ್ಬಿ ಪ್ರತಿ ಸಲ ತೊಳೆದು ಬರುತ್ತಿತ್ತು, ಒಳಗೆ ಎರಡು ಖರ್ಜೂರ. ಖಾಲಿ ಡಬ್ಬಿ ಹಿಂದೆ ಕೊಡಬಾರದು ಎಂದು ಅವರ ಉಮ್ಮ, ಎಂದರೆ ತಾಯಿ, ಕಲಿಸಿದ್ದಂತೆ. ಯಾರು ಬಂದು ತಿಂದರು ಎಂಬುದನ್ನು ಅವರು ಇದ್ದ ಹಾಗೆ ಹೇಳುತ್ತಿದ್ದರು. ಇವತ್ತು ಕಾಗೆ. ಇವತ್ತು ಕಾಗೆ ಬರಲಿಲ್ಲ, ಕಡಲಹಕ್ಕಿ. ಒಂದು ಗುರುವಾರ ಅವರ ಮುಖ ಸಣ್ಣದಾಗಿತ್ತು.

"ಇವತ್ತು ಬೆಕ್ಕು ಅಕ್ಕ."

"ಬೆಕ್ಕಾ?"

"ಓಡಿಸಿದೆ. ಅದು ಕೇಳ್ಲಿಲ್ಲ. ಪೂರ್ತಿ ತಿಂದು ನನ್ನನ್ನೇ ನೋಡಿತು."

ನನ್ನ ಬಾಯಿ ಅಗಲವಾಯಿತು. ಅದು ನಗುವೇ ಇರಬೇಕು. ಅಜ್ಜ ಹೋದ ಮೇಲೆ ಅದೇ ಮೊದಲು.

ನಿಮ್ಮಲ್ಲಿ ತೀರಿಹೋದವರಿಗೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಅವರು ಗಾಜು ಕೆರೆಯುತ್ತಿದ್ದರು, ನಿಲ್ಲಿಸಲಿಲ್ಲ. ಮೊದಲು ರುಸ್ತಾಕ್ ಎಂಬ ಊರಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವರ ಉಮ್ಮ ತೀರಿಕೊಂಡರಂತೆ. ಪಾಸ್‌ಪೋರ್ಟ್ ವೀಸಾ ಕೊಟ್ಟು ಕರೆಸಿದ್ದ ಧಣಿ, ಕಫೀಲನ ಕೈಯಲ್ಲಿತ್ತು, ಕಫೀಲ ಊರಲ್ಲಿರಲಿಲ್ಲ. ಹೋಗಲಾಗಲಿಲ್ಲ. ಆ ದಿನ ಅಂಗಡಿಯ ಎದುರು ರಸ್ತೆ ಅಗೆಯುತ್ತಿದ್ದವರಿಗೆ ಒಂದು ಕೊಡ ನೀರು ಕೊಟ್ಟರಂತೆ. ನಮ್ಮಲ್ಲಿ ತುತ್ತು ಇಡುವುದಿಲ್ಲ ಅಕ್ಕ, ಅವರ ಹೆಸರಿನಲ್ಲಿ ಬಾಯಾರಿದವರಿಗೆ ನೀರು ಕೊಟ್ಟರೆ ಆಯಿತು ಎಂದರು. ಅವರ ವ್ಯಾನಿನಲ್ಲಿ ಯಾವಾಗಲೂ ಇರುತ್ತಿದ್ದ ನೀರಿನ ಬಾಟಲಿಗಳ ಪೆಟ್ಟಿಗೆ ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಅದನ್ನೂ ಮಾರುವುದಕ್ಕೆ ಎಂದುಕೊಂಡಿದ್ದೆ.

ವರ್ಷ ತುಂಬಿದ ದಿನ ಡಬ್ಬಿ ಕೊಡುವುದನ್ನು ನಿಲ್ಲಿಸಿದೆ. ಅವರು ಯಾಕೆ ಎಂದು ಕೇಳಲಿಲ್ಲ. ಲೆಕ್ಕ ಅವರಿಗೂ ಇತ್ತು.

ಎರಡು ವರ್ಷದ ಹಿಂದೆ ಅವರು ಅಂಗಡಿ ಬೇರೆಯವರಿಗೆ ಬಿಟ್ಟು ಊರಿಗೆ ಹೊರಟರು. "ಖಲಾಸ್ ಅಕ್ಕ. ಹೆಗಲು ಸಾಕು ಅಂತ ಹೇಳ್ತಾ ಉಂಟು." ಹೋಗುವಾಗ ಆ ಲೇಬರ್ ಕಾರ್ಡನ್ನು ಟ್ಯಾಂಕಿನ ಮುಚ್ಚಳದ ಮೇಲೆ ಇಟ್ಟರು. ಇವನಿಗೆ ಊರಿನಲ್ಲಿ ಕೆಲಸವಿಲ್ಲ, ಇಲ್ಲೇ ಇರಲಿ ಎಂದರು. ಹೋಗಿ ಬನ್ನಿ ಎಂದು ಹೇಳಬೇಕಿತ್ತು. ನಾನು ಬಾಗಿಲು ಹಿಡಿದು ನಿಂತಿದ್ದೆ. ಲಿಫ್ಟ್ ಬಂತು.

ಅಂದಿನಿಂದ ಟ್ಯಾಂಕ್ ತೊಳೆಯುವುದು ನಾನೇ. ನೀವು ದಿನವೂ ನೋಡುತ್ತೀರಿ. ಮೊದಲು ಕೈ ಹಿಂದೆ ಕಟ್ಟಿ ನಿಲ್ಲುತ್ತೇನೆ, ಸಣ್ಣವಳು ನನ್ನನ್ನು ಅಣಕಿಸಿ ಪಕ್ಕದಲ್ಲಿ ನಿಲ್ಲುತ್ತಾಳೆ. ಆ ಕಾರ್ಡಿನಲ್ಲಿ ಈಗ ಮುಖವಿಲ್ಲ. ಒಂದು ಕಿವಿ ಮಾತ್ರ ಇದೆ.

ಶುಕ್ರವಾರ ಸುದ್ದಿ ಬಂದ ಮೇಲೆ ಪಾತ್ರೆ ತೊಳೆದು, ಮೇಲಿನ ಕಪಾಟಿನಿಂದ ಆ ಸ್ಟೀಲ್ ಡಬ್ಬಿಯನ್ನು ಇಳಿಸಿದೆ. ಆಮೇಲೆ ನೆನಪಾಯಿತು, ಅವರಲ್ಲಿ ಇದಿಲ್ಲ. ಒಳಗೆ ಇಟ್ಟೆ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಕಿಟಕಿಯಿಂದ ನೋಡಿದೆ. ಕೆಳಗೆ ಬಿಸಿಲಿನಲ್ಲಿ ರಸ್ತೆ ಗುಡಿಸುವವರು ಒಬ್ಬರು ಇದ್ದರು, ತಲೆಗೆ ಬಟ್ಟೆ ಸುತ್ತಿದವರು. ಅವರು ದಿನವೂ ಇರುತ್ತಾರೆ. ಫ್ರಿಜ್ಜಿನಿಂದ ಒಂದು ಬಾಟಲಿ ನೀರು ತೆಗೆದೆ. ಅದುವರೆಗೆ ನಾನು ಈ ಬಿಲ್ಡಿಂಗಿನಲ್ಲಿ ಒಬ್ಬಳೇ ಲಿಫ್ಟ್ ಹತ್ತಿದ್ದೇ ಇಲ್ಲ. ಗುಂಡಿ ಯಾವುದು ಎಂದು ನೀವು ಆಟಕ್ಕೆ ತೋರಿಸಿಕೊಟ್ಟದ್ದು ಉಪಯೋಗಕ್ಕೆ ಬಂತು.

ಅವರ ಎದುರು ಹೋಗಿ ನಿಂತೆ. ಅವರು ನನಗೆ ದಾರಿ ಬಿಡಲು ಪಕ್ಕಕ್ಕೆ ಸರಿದರು. "ಪಾನಿ," ಎಂದೆ. ಅದಕ್ಕಿಂತ ಹೆಚ್ಚು ಹಿಂದಿ ನನಗೆ ಬಾರದು. ಯಾರ ಹೆಸರಿನಲ್ಲಿ ಎಂದು ಅವರು ಕೇಳಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಬಾಟಲಿ ಎತ್ತಿ, ನಿಲ್ಲಿಸದೆ ಕುಡಿದರು. ಗಂಟಲು ಮೇಲೆ ಕೆಳಗೆ ಹೋಗುವುದನ್ನು ನೋಡುತ್ತಾ ನಿಂತೆ. ಪೂರ್ತಿ ಕುಡಿದು, ಖಾಲಿ ಬಾಟಲಿಯನ್ನು ಎರಡೂ ಕೈಯಿಂದ ಹಿಂದೆ ಕೊಟ್ಟರು.

ಮೇಲೆ ಬಂದೆ. ನೀವೆಲ್ಲ ಪೇಟೆಗೆ ಹೋಗಿದ್ದಿರಿ, ಮನೆಯಲ್ಲಿ ಯಾರೂ ಇರಲಿಲ್ಲ. ಟ್ಯಾಂಕಿನ ನೀರು ಕಪ್ಪು ಟೇಪಿಗಿಂತ ಒಂದು ಬೆರಳು ಕೆಳಗಿತ್ತು. ಅದೇ ಬಾಟಲಿಗೆ ಫಿಲ್ಟರಿನ ನೀರು ಹಿಡಿದು, ಮುಚ್ಚಳ ಎತ್ತಿ, ನಿಧಾನವಾಗಿ ಹೊಯ್ದೆ. ಮೀನು ಬಂದು ನೋಡಿತು. ಅದಕ್ಕೆ ಏನೂ ಹಾಕಲಿಲ್ಲ. ನೀರು ಗೆರೆ ಮುಟ್ಟಿದಾಗ ನಿಲ್ಲಿಸಿದೆ.